ದೀಪದ ಹೊತ್ತಿಗೆ ಹೋಗುವ ನೆಟ್ಟು

"ಹೋಯ್ತು," ಅಂದಳು ಮನೀಷಾ.

ಅವಳ ಫೋನಿನಲ್ಲಿ ವೈಫೈ ಗೆರೆಗಳೆಲ್ಲ ತುಂಬಿ ನಿಂತಿದ್ದವು. ಕೋಣೆಯ ಗೋಡೆಗೆ ಹಾಕಿದ ಬಿಳಿಯ ಡಬ್ಬಿಯಲ್ಲಿ ಹಸಿರು ದೀಪ ಒಂದಿಷ್ಟೂ ಕದಲದೆ ಉರಿಯುತ್ತಿತ್ತು. ನೋಡಿದವರು ಎಲ್ಲ ಸರಿಯಾಗಿದೆ ಎನ್ನಬೇಕು. ಪಾಠದ ಪುಟ ಮಾತ್ರ ತೆರೆಯದೆ, ಅದರ ನಡುವೆ ಒಂದು ಚಕ್ರ ಸುಮ್ಮನೆ ಸುತ್ತುತ್ತಿತ್ತು.

ಅನುರಾಧಾ ತೆರೆದ ಬಾಗಿಲಿನಿಂದ ಕಣ್ಣು ತೆಗೆದು ಕಿಟಕಿಯ ಕಡೆ ನೋಡಿದಳು. ಮರಾಠಿ ಸೀಮೆಯ ಗಡಿಯೂರು ಉಮರ್ಗಾದ ಬಟ್ಟೆ ಪೇಟೆಯ ಮೇಲೆ ಬಿಸಿಲು ಆರಿ, ಎದುರಿನ ಅಂಗಡಿಯಲ್ಲಿ ಆಗಷ್ಟೇ ಟ್ಯೂಬ್‌ಲೈಟು ಹತ್ತಿತ್ತು. ಅವಳು ಕಾಯುತ್ತಿದ್ದ ಹೊತ್ತೇ ಅದು.

"ಮಳಿಗಾಲದಾಗ ಪಾಠ ಶುರು ಆದಮ್ಯಾಲ ಹೋಗ್ತಿತ್ತು ಅಂದಿ. ಈಗ ಕಾರ್ತಿಕದಾಗ ಪಾಠಕ್ಕ ಮೊದಲೇ ಹೋಗ್ಲತದ. ಹೌದಿಲ್ಲೋ?"

"ಹೂಂ ಅಕ್ಕಾ."

"ಹಂಗಾದ್ರ ಇದನ್ನ ಮಾಡೋರು ಗಡಿಯಾರ ನೋಡಲ್ಲ. ಹೊತ್ತು ಮುಳಗೂದು ನೋಡ್ತಾರ."

ಮನೀಷಾಳ ತುಟಿ ಬಿಗಿಯಿತು. "ಮಾವಾರು ದುಕಾನದಿಂದ ಒಳಗ ಬರೋದೂ ಹೊತ್ತು ಮುಳಗಿದಾಗೇ."

ಉದ್ಗೀರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅನುರಾಧಾ ಆ ಕೆಲಸ ಬಿಟ್ಟ ಮೇಲೆ ಪತ್ತೇದಾರಿಕೆ ಹಿಡಿದಿದ್ದಳು. ವರನ ನಡತೆಯ ವಿಚಾರಣೆಯಿಂದ ಹಿಡಿದು ಕಳುವಾದ ದೇವಣಿ ತಳಿಯ ಎತ್ತಿನವರೆಗೆ ಏನು ಬಂದರೂ ಒಲ್ಲೆ ಎನ್ನುತ್ತಿರಲಿಲ್ಲ. ಆದರೆ ಸಂಜೆಯಾದರೆ ಸಾಯುವ ವೈಫೈಯನ್ನು ಯಾರು ಕೊಲ್ಲುತ್ತಿದ್ದಾರೆ ಎಂದು ಕೇಳಿ ಕರೆಸಿದವರಲ್ಲಿ ಮನೀಷಾಳೇ ಮೊದಲಿಗಳು.

ಕೇಳಿದರೆ ನಗು ಬರುವ ಕೇಸು. ನಗಲಾಗದಂತೆ ಮಾಡಿದ್ದು ಮಂಚದ ಪಕ್ಕದಲ್ಲಿ ಕಟ್ಟಿಟ್ಟ ಚೀಲ.

ಮನೀಷಾಳ ಗಂಡ ಗುರುಲಿಂಗ ಶ್ರಾವಣಕ್ಕೆ ಮೊದಲು, ಮನೆಯ ಮುಂಭಾಗದ ದುಕಾನಿನಲ್ಲಿ ಗಿರಾಕಿಗಳ ಎದುರೇ ತಂದೆಯೊಡನೆ ಜಗಳವಾಡಿ ಮನೆ ಬಿಟ್ಟು ಹೋಗಿದ್ದ. ಆಮೇಲೆ ಸುದ್ದಿಯಿಲ್ಲ. ಫೋನು ಮಾಡಿದರೆ ಬಂದಾಗಿದೆ ಎನ್ನುವ ಉತ್ತರ. ಅಂದಿನಿಂದ ಆ ಮನೆಯಲ್ಲಿ ಮನೀಷಾಳಿಗೆ ತನ್ನದು ಎಂದು ಉಳಿದದ್ದು ಸಂಜೆಯ ಪಾಠವೊಂದೇ. ಫೋನಿನ ಎದುರು ಕುಳಿತು ದೂರದೂರದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಇವತ್ತೂ ಪಾಠ ನಡುವೆ ಕಡಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಪಾಠ ನಡೆಸುವವರು ಹೇಳಿಬಿಟ್ಟಿದ್ದರು. ಫೋನಿನ ಡಾಟಾ ಹಾಕಿ ನೋಡಿದರೆ ಆ ಮನೆಯ ಕಲ್ಲುಗೋಡೆಗಳೊಳಗೆ ಮಕ್ಕಳ ಮುಖ ಕಲ್ಲಿನಂತೆಯೇ ನಿಂತುಬಿಡುತ್ತಿತ್ತು. ಪಾಠ ಹೋದರೆ ತಾನೂ ಹೋಗುವುದು, ಬೆಳಗಿನ ಬಸ್ಸಿಗೆ ನಿಲಂಗಾದ ತವರಿಗೆ, ಎಂದು ಅವಳು ನಿರ್ಧರಿಸಿದ್ದಳು.

ಪಾಠಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಇಂಥ ದೋಷ ಹುಡುಕುವಾಗ ಅನುರಾಧಾಳದು ಒಂದೇ ಪದ್ಧತಿ. ಫೋನಿನಿಂದ ಗೋಡೆಯ ಡಬ್ಬಿಗೆ, ಅಲ್ಲಿಂದ ಪಡಸಾಲೆಯ ಮುಖ್ಯ ಡಬ್ಬಿಗೆ, ಅಲ್ಲಿಂದ ಬೀದಿಯ ತಂತಿಗೆ. ಕತ್ತಲಲ್ಲಿ ಹಗ್ಗ ಸವರುತ್ತ ಹೋದಂತೆ ಹೋಗಬೇಕು. ಕಡಿದ ಕಡೆ ಕೈ ತಾನೇ ನಿಲ್ಲುತ್ತದೆ. ಗೋಡೆಯ ಡಬ್ಬಿಗೆ ಬೇರೆ ತಂತಿ ಹಾಕಿ, ಬೇರೆ ಪ್ಲಗ್ಗಿಗೆ ಹಚ್ಚಿ, ಆರಿಸಿ ಹತ್ತಿಸಿ ಮಧ್ಯಾಹ್ನವೇ ನೋಡಿದ್ದಳು. ಅದರಲ್ಲಿ ಕುಂದಿರಲಿಲ್ಲ. ಬೀದಿಯ ತಂತಿಯೂ ಜೀವಂತವಿತ್ತು.

ಉಳಿದದ್ದು ಪಡಸಾಲೆ. ಅಲ್ಲಿ ಮಾವ ವೈಜನಾಥರು ತೋಳಿಲ್ಲದ ಜೇಬಿನ ಬಂಡಿ-ಅಂಗಿ ತೊಟ್ಟು, ಹಣೆತುಂಬ ವಿಭೂತಿ ಹಚ್ಚಿಕೊಂಡು ಲೋಡಿಗೆ ಒರಗಿದ್ದರು.

"ಏನ್ರೀ ಬಾಯಾರ, ಡಬ್ಬಿ ಜವಾಬ ಕೊಟ್ಟಿತೇನು? ನಮ್ಮ ಮಗ್ಗಲ ಮನಿ ಎಮ್ಮಿ ಹಾಲು ಕೊಡವಲ್ದು. ಅದಕ್ಕೂ ಜರಾ ವಿಚಾರಿಸ್ರಿ."

"ಹೊತ್ತು ಮುಳಗಿದಾಗಷ್ಟೇ ಕೊಡವಲ್ದು ಅಂದ್ರ ಹೇಳ್ರಿ ಕಾಕಾ, ಅದಕ್ಕೂ ಬರ್ತೀನಿ."

ಮುದುಕರ ಮೀಸೆ ಕದಲಿತು. ನಗುವನ್ನು ಅವರು ಒಳಗೇ ನುಂಗಿಕೊಂಡರು. "ದೀಪ ಹಚ್ಚೋ ಹೊತ್ತಿನಾಗ ಮನಿ ಸೊಸಿ ಫೋನಿನ ಮುಂದ ಕುಂತು ಯಾರ್ಯಾರೋ ಮಕ್ಕಳ ಕೂಡ ಮಾತಾಡ್ತಾಳ. ನೆಟ್ಟು ಹೋಯ್ತಂದ್ರ ನಂಗೇನೂ ಕೆಡಕ ಕಾಣಸಲ್ಲ ನೋಡ್ರಿ."

ಕೇಳಿದಿರಲ್ಲ ಎನ್ನುವಂತೆ ಮನೀಷಾ ಅನುರಾಧಾಳನ್ನು ನೋಡಿದಳು.

ಅನುರಾಧಾ ಕೇಳಿದ್ದಳು. ಆದರೆ ನೆಟ್ಟು ಹೋದ ಗಳಿಗೆಯಲ್ಲಿ ಕೋಣೆಯ ಬಾಗಿಲು ತೆರೆದಿಟ್ಟು ಈ ಲೋಡನ್ನೇ ನೋಡುತ್ತಿದ್ದವಳೂ ಅವಳೇ. ವೈಜನಾಥರು ಕೂತಲ್ಲಿಂದ ಎದ್ದಿರಲಿಲ್ಲ. ಅವರ ಬಾಯಿ ಬಿರುಸಾಗಿತ್ತು, ಕೈ ಕಾಲು ಇದ್ದಲ್ಲೇ ಇದ್ದವು.

ಪ್ರತಿ ಮನೆಯ ಮುಖ್ಯ ಡಬ್ಬಿಗೂ ಅಂಕಿಗಳಲ್ಲಿ ಒಂದು ವಿಳಾಸವಿರುತ್ತದೆ. ಮನೆಯೊಳಗಿನ ಫೋನುಗಳು ಹೊರಗಿನ ಜಗತ್ತಿಗೆ ಹೋಗುವುದು ಆ ವಿಳಾಸದ ಬಾಗಿಲಿನಿಂದಲೇ. ಮಧ್ಯಾಹ್ನ ಆ ಅಂಕಿಗಳನ್ನು ಫೋನಿನಲ್ಲಿ ಬರೆದಾಗ ಹೊಸ ಡಬ್ಬಿಯ ಬಿಳಿಯ ಪುಟ ತೆರೆದಿತ್ತು. ಅನುರಾಧಾ ಅದೇ ಅಂಕಿಗಳನ್ನು ಈಗ ಮತ್ತೆ ಬರೆದಳು.

ತೆರೆದದ್ದು ನೀಲಿ ಪುಟ. ಬೇರೆ ಕಂಪನಿಯದು, ಹಳೆಯದು.

"ಮನೀಷಾ, ನಿಮ್ಮನ್ಯಾಗ ಇನ್ನೊಂದು ಡಬ್ಬಿ ಅದ."

"ಇಲ್ಲಕ್ಕಾ. ಇದೊಂದು, ನನ್ನ ಕ್ವಾಣ್ಯಾಗಿಂದೊಂದು. ಅಷ್ಟೇ."

"ಅದ. ಎರಡೂ ಒಂದೇ ಬಾಗಲ ನಂಬರ ಹಾಕ್ಕೊಂಡು ಕುಂತಾವ. ನಿನ್ನ ಫೋನು ಪಾಪ ಹಳೇ ಬಾಗಲಕ್ಕ ಹೋಗಿ ಬಡೀಲತದ. ಆ ಬಾಗಲದ ಹಿಂದ ಬರೇ ಗೋಡಿ."

ಮುಖ್ಯ ಡಬ್ಬಿಯ ಬೆನ್ನಿನಿಂದ ನೀಲಿ ತಂತಿಗಳು ಹೊರಟಿದ್ದವು. ದುಕಾನಿನದನ್ನು ಕಿತ್ತಳು, ಪುಟ ನೀಲಿಯಾಗಿಯೇ ಉಳಿಯಿತು. ಮನೀಷಾಳ ಕೋಣೆಯದನ್ನು ಕಿತ್ತಳು, ನೀಲಿಯೇ. ಕೊನೆಯದನ್ನು ಕಿತ್ತ ಕೂಡಲೇ ಬಿಳಿಯ ಪುಟ ಬಂತು. ಅದನ್ನು ತಿರುಗಿ ಚುಚ್ಚಿದರೆ ಮತ್ತೆ ನೀಲಿ. ಒಂದು ಸಲ ಆದದ್ದನ್ನು ಅವಳು ನಂಬುವವಳಲ್ಲ. ಮತ್ತೆ ಕಿತ್ತು, ಮತ್ತೆ ಚುಚ್ಚಿ ನೋಡಿ, ಉಳಿದ ತಂತಿಗಳನ್ನೂ ಅವುಗಳ ಜಾಗಕ್ಕೆ ಸಿಕ್ಕಿಸಿದಳು.

"ಈ ವಾಯರ್ ಎಲ್ಲಿಗಿ ಹೋಗತದ?"

ಉತ್ತರ ಕೊಟ್ಟವರು ವೈಜನಾಥರು. ಲೋಡು ಬಿಟ್ಟು ಅವರ ಬೆನ್ನು ನೆಟ್ಟಗಾಗಿತ್ತು. "ಮಾಳಗಿ ಮ್ಯಾಲಿನ ಖೋಲಿಗಿ. ಗುರೂನ ಖೋಲಿ. ಅದಕ್ಕ ಕೀಲಿ ಹಾಕೀನಿ. ತಗ್ಯೂದಿಲ್ಲ."

"ಯಾರೋ ತಗದಾರ ಕಾಕಾ."

"ಬಸ್ ಝಾಲಂ, ಸಾಕು ಮಾಡ್ರಿ. ಕೀಲಿ ನನ್ನ ಉಡದಾರದಾಗ ಅದ, ನೋಡ್ರಿ. ಹಗಲೂ ರಾತ್ರಿ ಇಲ್ಲೇ ಅದ."

ಮನೀಷಾಳ ಮುಖದ ಬಣ್ಣ ಇಳಿದದ್ದನ್ನು ಅನುರಾಧಾ ನೋಡಿ, ಅವಳನ್ನು ಮೆಲ್ಲಗೆ ಒಳನಡೆಗೆ ಕರೆದೊಯ್ದಳು.

"ಇನ್ನೊಂದು ಕೀಲಿ ಅದ ಅಲ್ಲಾ?"

"ಅತ್ತಿ ಗೊಂಚಲದಾಗ." ಮನೀಷಾಳ ದನಿ ನೆಲಕ್ಕೆ ಬಿದ್ದಂತಿತ್ತು. "ಬ್ಯಾಡಕ್ಕಾ, ಬಿಡ್ರಿ. ಪಾಠ ಹೋದ್ರ ಹೋಗಲಿ. ಈ ಮನ್ಯಾಗ ನನ್ನ ತಾಟು ಖಾಲಿ ಆದದ್ದು ನೋಡೋರು ಅವರೊಬ್ಬರೇ. ಇದು ಮಾಡೋರು ಅವರೇ ಅಂತ ಗೊತ್ತಾಗೂದು ನಂಗ ಬ್ಯಾಡ."

"ಅರ್ಧಾ ನೋಡಿ ಬಿಟ್ಟು ಹೋದ್ರ ನಿಲಂಗಾದಾಗ ಕುಂತೂ ಇದನ್ನೇ ನೆನಸ್ತಿ. ಬಾ, ಪೂರಾ ನೋಡಮು."

ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿಯನ್ನು ಯಾರೋ ಅರ್ಧ ಬಳಿದು ಬಿಟ್ಟು ಹೋಗಿದ್ದರು. ಕೋಣೆಯ ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು. ಆ ಸಂದಿಯಿಂದ ಎಣ್ಣೆಯ ದೀಪದ ಹಳದಿ ಬೆಳಕು.

ಮನೀಷಾಳ ಕೈಯಲ್ಲಿದ್ದ ಫೋನು ಆಗ ಮಿಡುಕಿತು. ಮೇಲೆ ಬಂದದ್ದೇ ಅದು ಕೆಳಗಿನ ವೈಫೈಯನ್ನು ಬಿಟ್ಟು, ಹಳೆಯ ಗುರುತಿನದೊಂದನ್ನು ತಾನಾಗಿ ಹಿಡಿದುಕೊಂಡಿತ್ತು. ಪರದೆಯ ಮೇಲೆ ಅದರ ಹೆಸರು: ಅವ್ವನ ಮನಿ.

"ಈ ಹೆಸರು ನಮ್ಮ ಮನಿಯವರೇ ಇಟ್ಟಿದ್ದು," ಅಂದಳು ಮನೀಷಾ. ಮುಂದೆ ಹೆಜ್ಜೆ ಇಡಲಿಲ್ಲ. ಬಾಗಿಲನ್ನು ಅನುರಾಧಾಳೇ ತಳ್ಳಬೇಕಾಯಿತು.

ಅತ್ತೆ ಶಿವಗಂಗಾಬಾಯಿ ಗೂಡಿನ ಎದುರು ಕುಳಿತಿದ್ದರು. ಗೂಡಿನಲ್ಲಿ ದೀಪ. ಅದರ ಪಕ್ಕದಲ್ಲಿ ಎರಡು ಕೋಡುಗಳ ಒಂದು ಹಳೆಯ ಕರಿಯ ಡಬ್ಬಿ. ಅದರ ಹಣೆಗೆ ಮೂರು ಗೆರೆ ವಿಭೂತಿ, ತಲೆಯ ಮೇಲೆ ಒಂದು ಚೆಂಡುಹೂವು.

ಬಂದವರನ್ನು ಕಂಡು ಅವರು ಸೆರಗನ್ನು ಡಬ್ಬಿಯ ಮೇಲೆ ಎಳೆದರು. ಎಳೆಗೂಸಿಗೆ ದೃಷ್ಟಿ ತಾಗದಿರಲೆಂದು ಮರೆಮಾಡುವ ಹಾಗೆ.

"ಅತ್ತೀ, ನೀವೇ ಏನು?" ಮನೀಷಾ ಹೊಸ್ತಿಲು ದಾಟಿ ಒಳಗೆ ಬಂದಳು. "ನನ್ನ ಪಾಠ ನಿಮಗೂ ಬ್ಯಾಡಾಗಿತ್ತೇನು? ಬಾಯಿ ಬಿಟ್ಟು ಒಂದು ಮಾತು ಹೇಳಿದ್ರ ನಾನೇ ಬಿಡ್ತಿದ್ದೆ."

"ಪಾಠಕ್ಕೇನಾಯ್ತು ಈಗ?"

"ದಿನಾ ಇದಕ್ಕೇ ನೆಟ್ಟು ಹೋಗ್ತಿತ್ತು. ಈ ಡಬ್ಬಿಗೇ."

ಶಿವಗಂಗಾಬಾಯಿ ಡಬ್ಬಿಯನ್ನು ನೋಡಿದರು, ಸೊಸೆಯನ್ನು ನೋಡಿದರು. ನಾಟಕ ಮಾಡುವವರ ಮುಖಗಳನ್ನು ಅನುರಾಧಾ ಸಾಕಷ್ಟು ಕಂಡಿದ್ದಳು. ಈ ಮುಖದಲ್ಲಿ ಬರಿಯ ಗಾಬರಿಯಿತ್ತು.

"ಇಲ್ಲವ್ವಾ. ಇದು ಯಾರಿಗೇನು ಮಾಡತದ? ಮೂಲ್ಯಾಗ ಕುಂತಿರತದ. ನಾ ದಿನಾ ಆ ಕಂಪನಿಯವರಿಗಿ ಬೈತಿದ್ದೆನಲ್ಲ, ನನ್ನ ಸೊಸಿ ಪಾಠ ಕೆಡಸ್ತಾರ, ಅವರ ಬಾಯಾಗ ಮಣ್ಣು ಬೀಳಲಿ ಅಂತ. ಹಂಗಾದ್ರ ಆ ಮಣ್ಣು ನನ್ನ ಬಾಯಾಗೇ ಬೀಳಬೇಕಿತ್ತಲ್ಲ."

ಅನುರಾಧಾ ಅವರ ಎದುರು ನೆಲದ ಮೇಲೆ ಕುಳಿತಳು. "ಯಾಕ ಹಚ್ಚತೀರಿ ಇದನ್ನ? ನಂಗ ಹೇಳ್ರಿ."

ಮುದುಕಿ ಸ್ವಲ್ಪ ಹೊತ್ತು ಬತ್ತಿಯನ್ನು ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

"ಮನ್ಯಾಗಿನೋರು ಪರಸ್ಥಳಕ್ಕ ಹೋದ್ರ, ಬರೂ ತನಕಾ ಸಂಜಿಮುಂದ ಗೂಡಿನಾಗ ದೀಪ ಇಡೂದು ನಮ್ಮತ್ತಿ ಕಾಲದಿಂದ ಬಂದದ. ಗುರು ಹೋದಾಗಿಂದ ನಾನೂ ಇಟ್ಟೀನಿ. ಇವರಿಗಿ ಗೊತ್ತಿಲ್ಲ. ಗೊತ್ತಾದ್ರ ಅದನ್ನೂ ಆರಸ್ತಾರ."

"ಮತ್ತ ಈ ಡಬ್ಬಿ?"

"ಹೊಸಾ ಡಬ್ಬಿ ಹಾಕಿದಾಗ ಇದನ್ನ ಕಸದಾಗ ಒಗದಿದ್ರು. ನಾ ಎತ್ತಿ ತಂದೆ. ಗುರು ಒಮ್ಮೆ ಅಂದಿದ್ದ, ಅವ್ವಾ, ನಾ ಎಲ್ಲೇ ಹೋಗಿರಲಿ, ಮಗ್ಗಲ ಓಣಿಗಿ ಬಂದ್ರ ಸಾಕು, ನನ್ನ ಫೋನು ಈ ಡಬ್ಬಿ ಗುರ್ತು ಹಿಡೀತದ. ನಾ ಬಾಗಲ ಬಡ್ಯೂದ್ರೊಳಗ ಅದು ಮನ್ಯಾಗ ಬಂದು ಕುಂತಿರತದ ಅಂತ." ಅವರು ಸೆರಗನ್ನು ಡಬ್ಬಿಯ ಮೇಲಿಂದ ತೆಗೆದರು. "ಅಂವಗ ನನ್ನ ದೀಪ ಕಾಣಸ್ತದ. ಅಂವನ ಫೋನಿಗಿ ಕಾಣಸ್ತದೇನು? ಅದಕ್ಕ ಸಂಜಿಮುಂದ ಇದೂ ಹಚ್ಚತೀನಿ, ಮುಂಜಾನಿ ತಗೀತೀನಿ."

ಪೇಟೆಯಲ್ಲಿ ಒಂದು ಮೋಟಾರ್ ಸೈಕಲ್ ಹಾದುಹೋಯಿತು. ಅತ್ತೆಯೂ ಸೊಸೆಯೂ ಒಟ್ಟಿಗೆ ಕಿವಿಗೊಟ್ಟದ್ದನ್ನು, ಒಟ್ಟಿಗೆ ಬಿಟ್ಟದ್ದನ್ನು ಅನುರಾಧಾ ಕಂಡಳು.

"ಅವ್ವಾರ, ಕರೆಂಟಿನ ವಾಯರ್ ಸರಿ. ಈ ನೀಲಿ ವಾಯರ್ ಯಾಕ ಚುಚ್ಚಿದ್ರಿ?" ಕೇಳಿದಳು ಅನುರಾಧಾ.

"ಅಂವಾ ಇದ್ದಾಗ ಎರಡೂ ಇದ್ದವಲ್ಲ. ಇದು ಇಲ್ಲೇ ಜೋತು ಬಿದ್ದಿತ್ತು. ಅರ್ಧಾ ಹಚ್ಚಿ ಬಿಡಲೇನು? ಎಣ್ಣಿ ಹಾಕಿ ಬತ್ತಿ ಬಿಟ್ಟಂಗ ಆಗ್ತದ."

ದೋಷವೆಲ್ಲ ಅಲ್ಲಿತ್ತು. ಮೊದಲು ನೆಟ್ಟಿನ ತಂತಿ ಮನೆಯೊಳಗೆ ಬರುತ್ತಿದ್ದದ್ದು ಈ ಕೋಣೆಯಿಂದ. ಇಲ್ಲಿನ ಡಬ್ಬಿಯೇ ಆಗ ಯಜಮಾನ. ಹೊಸಬರು ಪಡಸಾಲೆಯಲ್ಲಿ ಬೇರೆ ಯಜಮಾನನನ್ನು ಕೂಡಿಸಿ, ಹಳೆಯ ತಂತಿಯ ಕೆಳತುದಿಯನ್ನು ಯೋಚಿಸದೆ ಅದಕ್ಕೇ ಸಿಕ್ಕಿಸಿ ಹೋಗಿದ್ದರು. ಬರಿಯ ಕರೆಂಟು ಕೊಟ್ಟಿದ್ದರೆ ಈ ಡಬ್ಬಿ ತನ್ನ ಹೆಸರು ಕೂಗುತ್ತ ಮೂಲೆಯಲ್ಲಿ ಸುಮ್ಮನಿರುತ್ತಿತ್ತು. ಯಾವುದನ್ನೂ ಅರ್ಧಕ್ಕೆ ಬಿಡದ ಒಬ್ಬ ತಾಯಿಯ ಅಚ್ಚುಕಟ್ಟು ಮನೆಯ ನೆಟ್ಟನ್ನೆಲ್ಲ ದಿನವೂ ಆರಿಸುತ್ತಿತ್ತು.

ಅನುರಾಧಾ ಇದನ್ನು ಬಿಡಿಸಿ ಹೇಳಿದಳು. ಶಿವಗಂಗಾಬಾಯಿ ಕೊನೆಯವರೆಗೂ ಕೇಳಲಿಲ್ಲ. ನಡುವೆಯೇ ಕೈ ಚಾಚಿ ಪ್ಲಗ್ಗು ಹಿಡಿದರು.

"ತಗದುಬಿಡ್ತೀನಿ. ಹೋದ ಮಗನ ಸಲುವಾಗಿ ಇದ್ದ ಮಗಳನ್ನ ಕಳಕೊಳ್ಳಲೇನು? ಆಕಿ ಚೀಲ ಕಟ್ಟ್ಯಾಳ, ನಾ ನೋಡೀನಿ. ಕೇಳಲಿಕ್ಕ ಧೈರ್ಯ ಆಗಲಿಲ್ಲ."

ಮನೀಷಾ ಆ ಕೈಯ ಮೇಲ್ಗಡೆ ತನ್ನ ಕೈಯಿಟ್ಟಳು. "ಇರಲಿ ಬಿಡ್ರಿ."

"ಯಾಕವ್ವಾ?"

"ನಾನೂ ದಿನಾ ಅವರಿಗಿ ಫೋನಿನಾಗ ಬರೀತೀನಿ ಅತ್ತೀ. ಮುಟ್ಟೂದಿಲ್ಲ. ಮುಟ್ಟಿದ್ರ ಎರಡು ಗೀಟು ಬೀಳಬೇಕು, ಒಂದೇ ಬೀಳತದ. ಆದ್ರೂ ಬರೀತೀನಿ."

"ಏನಂತ ಬರೀತಿ?"

"ಇವತ್ತು ಏನು ಅಡಗಿ ಮಾಡಿದ್ವಿ ಅಂತ."

ಶಿವಗಂಗಾಬಾಯಿ ಅವಳನ್ನು ದಿಟ್ಟಿಸಿ ನೋಡಿದರು. "ನಿನ್ನೆ ಪುಂಡಿಪಲ್ಲೆ ಹೊತ್ತಿದ್ದೂ ಬರದಿ?"

"ನೀವು ಹೊತ್ತಸಿದ್ರಿ ಅಂತ ಬರದೀನಿ."

ಮುದುಕಿ ನಕ್ಕರು. ನಗು ನಡುದಾರಿಯಲ್ಲಿ ಅಳುವಾಯಿತು. ಸೊಸೆಯ ತಲೆಯನ್ನು ಎಳೆದು ತಮ್ಮ ಭುಜಕ್ಕೆ ಒತ್ತಿಕೊಂಡರು. ಕೊರಳಲ್ಲಿದ್ದ ಲಿಂಗದ ಕರಡಿಗೆ ಒತ್ತೀತೆಂದು ಅದನ್ನು ಇನ್ನೊಂದು ಕೈಯಿಂದ ಪಕ್ಕಕ್ಕೆ ಸರಿಸಿದರು.

ಅನುರಾಧಾ ಆ ಹೊತ್ತಿಗೆ ಡಬ್ಬಿಯನ್ನು ತಿರುಗಿಸಿ ತಳದ ಚೀಟಿ ಓದುವುದರಲ್ಲಿ ಮಗ್ನಳಾದಳು. ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

"ಇದಕ್ಕ ಬ್ಯಾರೆ ನಂಬರ ಕೊಡ್ತೀನಿ," ಅಂದಳು ಆಮೇಲೆ, ಮನೀಷಾಳ ಫೋನು ತೆಗೆದುಕೊಂಡು. "ಮನಿ ಮ್ಯಾಲ ಹುಕುಂ ನಡಸೂದು ಬಂದ್ ಮಾಡಸ್ತೀನಿ. ಅಷ್ಟಾದ್ರ ಎರಡೂ ಡಬ್ಬಿ ಒಂದೇ ಮನ್ಯಾಗ ಕೂಡಿ ಇರಬಹುದು. ಈ ನೀಲಿ ವಾಯರೂ ಇರಲಿ, ಇದರೊಳಗಿಂದೂ ನೆಟ್ಟು ಬರತದ."

"ಅತ್ತಿ ಸೊಸೀನೇನು ಅವು, ಕೂಡಿ ಇರಲಾಕ?" ಅಂದರು ಶಿವಗಂಗಾಬಾಯಿ, ಕಣ್ಣೊರೆಸಿಕೊಳ್ಳುತ್ತ.

ನೀಲಿ ಪುಟದಲ್ಲಿ ಎರಡು ಕಡೆ ಬದಲಿಸಿ ಉಳಿಸಿದ್ದಾಯಿತು. ಡಬ್ಬಿಯ ದೀಪಗಳೆಲ್ಲ ಒಮ್ಮೆ ಆರಿದವು. ಮುದುಕಿ ಉಸಿರು ಹಿಡಿದರು. ದೀಪಗಳು ಒಂದೊಂದಾಗಿ ತಿರುಗಿ ಹತ್ತಿದವು. ಈ ಸಲ ಮೊದಲಿಗಿಂತ ಒಂದು ಹೆಚ್ಚಾಗಿ.

ಅನುರಾಧಾ ಫೋನನ್ನು ಮನೀಷಾಳ ಕೈಗೆ ಕೊಟ್ಟಳು. ಪಾಠದ ಪುಟ ತೆರೆದಿತ್ತು. ಸುತ್ತುವ ಚಕ್ರ ಮಾಯವಾಗಿತ್ತು. ಮಕ್ಕಳು ಒಬ್ಬೊಬ್ಬರೇ ಬಂದು ಸೇರುತ್ತಿದ್ದರು.

ಆಗ ಬೆನ್ನ ಹಿಂದೆ 'ಟಿಣ್' ಎಂದಿತು.

ಮೂವರೂ ತಿರುಗಿದರು. ಬಾಗಿಲಲ್ಲಿ ವೈಜನಾಥರು ನಿಂತಿದ್ದರು. ಮಗ ಹೋದ ಮೇಲೆ ಈ ಮೆಟ್ಟಿಲನ್ನೇ ಹತ್ತದಿದ್ದವರು, ಎಷ್ಟು ಹೊತ್ತಿನಿಂದ ಅಲ್ಲಿದ್ದರೋ. ಗೂಡಿನ ದೀಪವನ್ನು ಕಂಡ ಅವರ ಕಣ್ಣು ಅಲ್ಲೇ ನಿಂತುಬಿಟ್ಟಿತ್ತು.

ಟಿಣ್. ಟಿಣ್.

ಸದ್ದು ಅವರ ಬಂಡಿಯ ಒಳಜೇಬಿನಿಂದ ಬರುತ್ತಿತ್ತು.

"ಅಕ್ಕಾ," ಅಂದಳು ಮನೀಷಾ, ಪಿಸುಮಾತಿನಲ್ಲಿ. ಅವಳ ಹೆಬ್ಬೆರಳು ಗಂಡನಿಗೆ ಬರೆದ ಸಂದೇಶಗಳ ಮೇಲೆ ಇತ್ತು. ಒಂಟಿಯಾಗಿ ನಿಂತಿದ್ದ ಗೀಟುಗಳು ಎರಡೆರಡಾಗುತ್ತಿದ್ದವು. ಜೋಳದ ರೊಟ್ಟಿ, ಟಿಣ್. ಹೆಸರುಬ್ಯಾಳಿ, ಟಿಣ್. ಹೊತ್ತಿದ ಪುಂಡಿಪಲ್ಲೆ, ಟಿಣ್.

ಅನುರಾಧಾಳಿಗೆ ಲೆಕ್ಕ ಹತ್ತಿತು. ಆ ಜೇಬಿನ ಫೋನಿನಲ್ಲಿ ಜೀವವಿರುವ ಸಿಮ್ ಕಾರ್ಡಿಲ್ಲ. ಅದಕ್ಕೆ ಗುರುತಿದ್ದದ್ದು ಈ ಒಂದು ಡಬ್ಬಿ. ಡಬ್ಬಿಯ ಹಿಂದೆ ಇಷ್ಟು ದಿನ ಗೋಡೆಯಿತ್ತು, ಈಗಷ್ಟೇ ಬಾಗಿಲಾಗಿದೆ. ಫೋನನ್ನು ಹೊತ್ತವರೂ ಈಗಷ್ಟೇ ಮೇಲೆ ಬಂದಿದ್ದಾರೆ.

ಸದ್ದು ನಿಂತ ಮೇಲೆ ವೈಜನಾಥರು ಜೇಬಿಗೆ ಕೈಹಾಕಿ ತೆಗೆದರು. ಗುರುಲಿಂಗನ ಫೋನೇ. ಗಾಜಿನ ಮೇಲೆ ಒಂದು ಬೆರಳಿನ ಗುರುತೂ ಇಲ್ಲದಂತೆ ಒರೆಸಿಟ್ಟದ್ದು, ಚಾರ್ಜು ತುಂಬಿದ್ದು.

"ಮಾವಾರ, ಅವರ ಫೋನು ನಿಮ್ಮ ಕಡಿ ಹ್ಯಾಂಗ?"

ಅಷ್ಟರಲ್ಲಿ ಮನೀಷಾಳ ಕೈಯಲ್ಲಿದ್ದ ಫೋನಿನಿಂದ ಒಂದು ಮಗು ಮರಾಠಿಯಲ್ಲಿ, ಟೀಚರ್, ನಮ್ಮ ದನಿ ಕೇಳುತ್ತಿದೆಯಾ ಎಂದು ಕೇಳಿತು.

ಮನೀಷಾ ಕಣ್ಣುಮುಚ್ಚಿ ತೆರೆದಳು. ಮಗುವಿಗೆ, ಕೇಳಿಸುತ್ತಿದೆ, ಪುಸ್ತಕ ತೆಗೆದಿಟ್ಟುಕೋ ಎಂದಳು. ಆಮೇಲೆ ಮಾವನ ಕಡೆ ತಿರುಗಿದಳು.

"ನಾ ನಿಲಂಗಾಕ್ಕ ಹೋಗೂದಿಲ್ಲ ಮಾವಾರ. ಕೆಳಗ ಕುಂತು ಪಾಠ ಮುಗಸಿ ಬರ್ತೀನಿ. ನೀವು ಇಲ್ಲೇ ಇರ್ರಿ. ಬಂದು ಕೇಳ್ತೀನಿ, ಆಗ ಹೇಳಬೇಕು."

ಅವಳು ಅವರ ಪಕ್ಕದಿಂದ ಹಾದು ಇಳಿದುಹೋದಳು. ವೈಜನಾಥರು ಹೊಸ್ತಿಲ ಮೇಲೆ ಕುಸಿದು ಕುಳಿತರು. ಪಡಸಾಲೆಯ ಗತ್ತು ಅವರಲ್ಲಿ ಉಳಿದಿರಲಿಲ್ಲ.

"ಬಾಯಾರ, ಆಕಿ ಬರೂದ್ರೊಳಗ ನೀವು ಕೇಳ್ಕೋರಿ. ಆಕಿಗಿ ಹ್ಯಾಂಗ ಹೇಳಬೇಕು ನಂಗ ತಿಳೀವಲ್ದು," ಅಂದರು ಅನುರಾಧಾಳಿಗೆ.

ಶಿವಗಂಗಾಬಾಯಿ ಗಂಡನ ಕಡೆ ನೋಡಲಿಲ್ಲ. ಅವರ ಕಣ್ಣು ಮಗನ ಫೋನಿನ ಮೇಲಿತ್ತು.

"ಗುರು ಸಿಟ್ಟಾಗಿ ಹೋಗಿಲ್ಲ. ನಾನೇ ಕಳಸೀನಿ. ಆ ಜಗಳ ನಾವಿಬ್ಬರೂ ಕೂಡಿ ಮಾಡಿದ್ದು. ದುಕಾನಿನಾಗ ಅವತ್ತು ಒಬ್ಬಂವಾ ಕುಂತಿದ್ದ. ಅಂವಾ ಅದನ್ನ ನೋಡಬೇಕಿತ್ತು, ಅಪ್ಪ ಮಗನಿಗಿ ಕಡದು ಹೋಯ್ತು ಅಂತ ನಂಬಬೇಕಿತ್ತು. ಫೋನಿನ ಜಾಡು ಹಿಡದು ಗುರೂನ್ನ ಹುಡಕಬಾರದು ಅಂತ ಇದನ್ನೂ ನನ್ನ ಕಡೀನೇ ಇಟಗೊಂಡೀನಿ."

"ಯಾರು ಕಾಕಾ?"

ವೈಜನಾಥರು ಮೆಟ್ಟಿಲ ಕಡೆ ಕಿವಿಗೊಟ್ಟರು. ಕೆಳಗೆ ಮನೀಷಾ ಮಕ್ಕಳಿಗೆ ಲೆಕ್ಕ ಹೇಳುತ್ತಿದ್ದಳು. ದನಿ ಸ್ವಲ್ಪವೂ ನಡುಗುತ್ತಿರಲಿಲ್ಲ.

"ಮೆಲ್ಲಕ ಮಾತಾಡ್ರಿ," ಅಂದರು ಅವರು. "ಅಂವಾ ಈಗೂ ಕೆಳಗ ನಮ್ಮ ದುಕಾನಿನಾಗೇ ಅದಾನ."